ಚಿತ್ರ ಲೋಕವೆಲ್ಲ ಸುತ್ತಿತು, ಹೆಸರು ಜೊತೆಗೆ ಹೋಗಲಿಲ್ಲ: ಒಂದು ಪ್ರಕರಣ ಅಧ್ಯಯನ

ಚಿತ್ರದ ಅಗಲ 30 ಸೆಂಟಿಮೀಟರ್, ಎತ್ತರ 40. ಕಾಟನ್ ಕಾಗದದ ಮೇಲೆ ಜಲವರ್ಣ. ರಾತ್ರಿ, ಮಳೆ, ಒಂದು ಖಾಲಿ ಬೆಂಚು, ಅದರ ಮೇಲೆ ಬೀಳುವ ದೀಪದ ಬೆಳಕು. ಮುಕ್ಕಾಲು ಭಾಗ ಗಾಢ ನೀಲಿ. ಕೆಳಗೆ ಬಲ ಮೂಲೆಯಲ್ಲಿ, ಅಂಚಿನಿಂದ ಒಂದು ಸೆಂಟಿಮೀಟರ್ ಮೇಲೆ, ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಸಹಿ. ಈ ಪ್ರಕರಣದ ಅರ್ಧ ವಿಷಯ ಆ ಒಂದು ಸೆಂಟಿಮೀಟರ್‌ನಲ್ಲೇ ಇದೆ.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಪ್ರಕರಣವಲ್ಲ. ಸ್ವತಂತ್ರ ಕಲಾವಿದರಿಗೆ ಮತ್ತೆ ಮತ್ತೆ ಒಂದೇ ಕ್ರಮದಲ್ಲಿ ಎದುರಾಗುವುದನ್ನು ಒಬ್ಬ ಕಲಾವಿದೆಯ ಒಂದೇ ಚಿತ್ರದ ಮೇಲಿಟ್ಟು ಕಟ್ಟಿದ ಮಾದರಿ. ಸನ್ನಿವೇಶ ಕಟ್ಟಿದ್ದು, ಅಳತೆ, ಲೆಕ್ಕ, ಕಾರಣಗಳು ಹಾಗಲ್ಲ, ಯಾರು ಬೇಕಾದರೂ ಕೂತು ಪರೀಕ್ಷಿಸಬಹುದು.

ಏಳು ದಿನಗಳಲ್ಲಿ ನಡೆದದ್ದು

ಚಿತ್ರ ಮುಗಿದ ದಿನವೇ ಪರಿಚಯದವರೊಬ್ಬರು ಮೂಲಚಿತ್ರವನ್ನು ಕೊಂಡರು. ಕೊಡುವ ಮೊದಲು ಕಲಾವಿದೆ ಅದನ್ನು ಫೋನಿನಲ್ಲಿ ತೆಗೆದು, ಇನ್‌ಸ್ಟಾಗ್ರಾಂಗೆ ಹೊಂದುವಂತೆ 4:5 ಅನುಪಾತಕ್ಕೆ ಕತ್ತರಿಸಿ ಹಾಕಿದರು. ಒಕ್ಕಣೆಯಲ್ಲಿ ಒಂದು ಮಳೆಹನಿಯ ಇಮೋಜಿ ಮಾತ್ರ.

ಎರಡನೇ ದಿನ, ಬೇರೆಯವರ ಚಿತ್ರಗಳನ್ನು ಒಟ್ಟುಮಾಡಿ ಹಾಕುವ ಒಂದು ದೊಡ್ಡ ಪುಟ ಇದನ್ನು ಎತ್ತಿಕೊಂಡು, ಮೇಲೆ ಒಂಟಿತನದ ಬಗ್ಗೆ ಎರಡು ಸಾಲು ಬರೆದು, ಚೌಕಕ್ಕೆ ಕತ್ತರಿಸಿ ಹಾಕಿತು. ಅಲ್ಲಿಂದ ಅದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ, ಪಿಂಟರೆಸ್ಟ್‌ಗೆ, ಫೋನಿನ ವಾಲ್‌ಪೇಪರ್ ತಾಣಗಳಿಗೆ ಹರಿಯಿತು. ನಾಲ್ಕನೇ ದಿನ ಗೆಳತಿಯೊಬ್ಬಳು "ಇದು ನಿನ್ನದೇ ಅಲ್ಲವೇನೇ?" ಎಂದು ಕಳುಹಿಸಿದಾಗಲೇ ಕಲಾವಿದೆಗೆ ವಿಷಯ ಗೊತ್ತಾದದ್ದು. ಅಷ್ಟರಲ್ಲಿ ಹರಡುವ ವೇಗ ಇಳಿಯತೊಡಗಿತ್ತು.

ಐದನೇ ದಿನ ಅವರು ಸಿಟ್ಟಿನಿಂದ ಒಂದು ಸಾರ್ವಜನಿಕ ಪೋಸ್ಟ್ ಬರೆದರು. ಆರನೇ ದಿನ ತರಾತುರಿಯಲ್ಲಿ "ಪ್ರಿಂಟ್ ಸಿಗುತ್ತದೆ" ಎಂದು ಘೋಷಿಸಿ ಮುಂಗಡ ತೆಗೆದುಕೊಂಡರು. ಏಳನೇ ದಿನ ಮುದ್ರಣಾಲಯದಿಂದ ಬಂದ ಮೊದಲ ಪ್ರತಿಯಲ್ಲಿ ಬೆಂಚು ಕತ್ತಲಲ್ಲಿ ಮುಳುಗಿತ್ತು, ದೀಪದ ಸುತ್ತಲಿನ ಮಳೆಗೆರೆಗಳು ಮಸುಕಾಗಿದ್ದವು. ಹಣ ಹಿಂದಿರುಗಿಸಬೇಕಾಯಿತು.

ಸಾಮಾನ್ಯವಾಗಿ ಇದನ್ನು "ಕಳ್ಳರ ಕಾಟ" ಎಂದು ಓದುತ್ತಾರೆ. ಕಳ್ಳತನ ನಡೆದದ್ದು ನಿಜ, ಅದನ್ನು ಹಗುರ ಮಾಡುವ ಉದ್ದೇಶ ನಮಗಿಲ್ಲ. ಆದರೆ ಈ ಏಳು ದಿನಗಳ ನಷ್ಟದಲ್ಲಿ ದೊಡ್ಡ ಪಾಲಿಗೆ ಕಾರಣ ಚಿತ್ರ ಏರಿಸುವ ಮೊದಲೇ ತಯಾರಾಗಿತ್ತು. ಸಹಿ ಇದ್ದ ಜಾಗ, ಉಳಿಸದ ಕಡತ, ಬಂದವರು ತಲುಪಬೇಕಾದ ಪುಟ, ಮೂರೂ ಮೊದಲ ದಿನದವೇ.

ಸಹಿ ಎಲ್ಲಿ ಹೋಯಿತು

ಲೆಕ್ಕ ಸುಲಭ. 30 × 40ರ ಚಿತ್ರವನ್ನು ಅಗಲ ಬಿಡದೆ 4:5ಕ್ಕೆ ಕತ್ತರಿಸಿದರೆ ಉಳಿಯುವ ಎತ್ತರ 37.5 ಸೆಂಟಿಮೀಟರ್. ಮೇಲೆ 1.25, ಕೆಳಗೆ 1.25 ಹೋಗುತ್ತದೆ. ಸಹಿ ಇದ್ದದ್ದು ಕೆಳಗಿನಿಂದ ಒಂದು ಸೆಂಟಿಮೀಟರ್‌ನಲ್ಲಿ. ಅಂದರೆ ಸಹಿಯನ್ನು ಮೊದಲು ಕತ್ತರಿಸಿದವರು ಕಲಾವಿದೆಯೇ. ಫೋನಿನ ಸಣ್ಣ ಪರದೆಯಲ್ಲಿ ತಿಳಿಪೆನ್ಸಿಲ್ ಗೆರೆ ಹೋದದ್ದು ಕಣ್ಣಿಗೆ ಬೀಳಲಿಲ್ಲ. ಆಮೇಲೆ ದೊಡ್ಡ ಪುಟದವರು ಚೌಕಕ್ಕೆ ಕತ್ತರಿಸಿದಾಗ, ಮೂಲಚಿತ್ರದ ಲೆಕ್ಕದಲ್ಲಿ ಮೇಲೂ ಕೆಳಗೂ ಒಟ್ಟು ತಲಾ 5 ಸೆಂಟಿಮೀಟರ್ ಹೋಯಿತು. ಸಹಿ ಒಂದು ಸೆಂಟಿಮೀಟರ್ ಬದಲು ನಾಲ್ಕು ಸೆಂಟಿಮೀಟರ್ ಮೇಲಿದ್ದಿದ್ದರೂ ಅಲ್ಲಿ ಉಳಿಯುತ್ತಿರಲಿಲ್ಲ.

ಇನ್‌ಸ್ಟಾಗ್ರಾಂ 2015ರವರೆಗೆ ಚೌಕವನ್ನು ಮಾತ್ರ ಒಪ್ಪುತ್ತಿತ್ತು. ನಂತರ 4:5 ಬಂತು, 2025ರಲ್ಲಿ 3:4 ಕೂಡ. ಪುಟದಿಂದ ಪುಟಕ್ಕೆ, ವರ್ಷದಿಂದ ವರ್ಷಕ್ಕೆ ಅಂಚುಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಸಹಿಗೆ ನಂಬಬಹುದಾದ ಜಾಗ ಒಂದೇ: ಚಿತ್ರದ ನಡುವಿನ ಚೌಕದ ಒಳಗೆ, ಚಿತ್ರದ ಯಾವುದಾದರೂ ವಸ್ತುವಿಗೆ ಅಂಟಿಕೊಂಡಂತೆ. ಈ ಚಿತ್ರದಲ್ಲಾದರೆ ಬೆಂಚಿನ ಕಾಲು. ಅಲ್ಲಿದ್ದರೆ ಅದನ್ನು ಅಳಿಸಲು ಚಿತ್ರವನ್ನೇ ಕೆಡಿಸಬೇಕು. ನಾಲ್ಕು ಮಂದಿ ಅದನ್ನೂ ಮಾಡಬಹುದು, ಆದರೆ ಮೆಚ್ಚಿ ಹಂಚುವವರು ಮಾಡುವುದಿಲ್ಲ. ಚಿತ್ರದ ಅಡ್ಡಕ್ಕೆ ದೊಡ್ಡ ವಾಟರ್‌ಮಾರ್ಕ್ ಹಾಕುವುದು ನಮಗೆ ಒಪ್ಪಿಗೆಯಿಲ್ಲ. ಮೆಚ್ಚಿದವರು ಅದನ್ನು ಹಂಚಲು ಹಿಂಜರಿಯುತ್ತಾರೆ, ಕದಿಯುವವರು ಇಂದಿನ ಸಾಧನಗಳಲ್ಲಿ ನಿಮಿಷದೊಳಗೆ ಅಳಿಸುತ್ತಾರೆ. ಎರಡೂ ಕಡೆ ನಷ್ಟ ಕಲಾವಿದರದೇ.

ಸಹಿಯ ಅಕ್ಷರವೂ ಓದುವಂತಿರಬೇಕು. ಇಲ್ಲಿದ್ದದ್ದು ಎರಡು ಇನಿಷಿಯಲ್ ಮಾತ್ರ. ಅದನ್ನು ಕಂಡರೂ ಹುಡುಕುವುದು ಹೇಗೆ? ಯಾವ ಹೆಸರನ್ನು ಟೈಪ್ ಮಾಡಿದರೆ ಕಲಾವಿದರು ಸಿಗುತ್ತಾರೋ ಅದೇ ಹೆಸರು ಸಹಿಯಲ್ಲಿರಬೇಕು. ಈ ಕಲಾವಿದೆಗೆ ಇನ್‌ಸ್ಟಾಗ್ರಾಂನಲ್ಲಿ ಒಂದು ಹೆಸರು, ಕೃತಿಗಳನ್ನು ಪ್ರದರ್ಶಿಸುವ ಬಿಹ್ಯಾನ್ಸ್ ತಾಣದಲ್ಲಿ ಇನ್ನೊಂದು, ಅಂಗಡಿ ಪುಟದಲ್ಲಿ ಮೂರನೆಯದು. ಯಾವುದೂ ಸಹಿಗೆ ಹೊಂದುತ್ತಿರಲಿಲ್ಲ.

ಹೆಸರು ಕಳೆದ ಎರಡನೇ ಜಾಗ ಕಡತದ ಒಳಗೆ. ಚಿತ್ರದ ಕಡತದಲ್ಲಿ ಐಪಿಟಿಸಿ ಎಂಬ ಮಾಹಿತಿ ಪಟ್ಟಿ ಇರುತ್ತದೆ: ರಚಿಸಿದವರು, ಹಕ್ಕುಸ್ವಾಮ್ಯದ ಸಾಲು, ಪರವಾನಗಿ ವಿವರ ಇರುವ ವಿಳಾಸ. ಫೋನಿನಲ್ಲಿ ತೆಗೆದು ನೇರ ಏರಿಸಿದ್ದರಿಂದ ಇವೆಲ್ಲ ಖಾಲಿ. ತುಂಬಿದ್ದರೂ ಹೆಚ್ಚಿನ ಸಾಮಾಜಿಕ ತಾಣಗಳು ಏರಿಸುವಾಗ ಇವನ್ನು ಕಿತ್ತುಹಾಕುತ್ತವೆ, ಸ್ಕ್ರೀನ್‌ಶಾಟ್ ತೆಗೆದರೆ ಏನೂ ಉಳಿಯುವುದಿಲ್ಲ. ಹಾಗಾದರೆ ತುಂಬುವುದೇಕೆ? ಕಲಾವಿದರ ಸ್ವಂತ ತಾಣದಲ್ಲಿರುವ ಕಡತದಲ್ಲಿ ಅವು ಉಳಿಯುತ್ತವೆ, ಗೂಗಲ್ ಇಮೇಜಸ್ ಅವನ್ನು ಓದುತ್ತದೆ. 2020ರಿಂದ ಪರವಾನಗಿ ವಿಳಾಸ ತುಂಬಿದ ಚಿತ್ರಗಳ ಮೇಲೆ "ಪರವಾನಗಿ ಲಭ್ಯ" ಎಂಬ ಗುರುತನ್ನೂ ತೋರಿಸುತ್ತದೆ. ಪ್ರಕಾಶಕರು, ವಿನ್ಯಾಸಕರು ಹುಡುಕುವುದು ಅಲ್ಲಿ. ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ಒಮ್ಮೆ ಮಾದರಿ ಮಾಡಿಟ್ಟರೆ ಮುಂದೆ ಪ್ರತಿ ಚಿತ್ರಕ್ಕೂ ತಾನೇ ಸೇರುತ್ತದೆ.

ಮೂರನೆಯದು ಒಕ್ಕಣೆ. ಒಂದು ಇಮೋಜಿಯನ್ನು ನಕಲು ಮಾಡಿದರೆ ಸಿಗುವುದು ಒಂದು ಇಮೋಜಿ. ಹಂಚುವವರು ಸೋಮಾರಿಗಳೇ ಹೊರತು ಬಹುಪಾಲು ದುಷ್ಟರಲ್ಲ. ನಕಲಿಸಲು ಸಿದ್ಧವಾದ ಸಾಲೊಂದಿದ್ದರೆ ಅದನ್ನೇ ಅಂಟಿಸುತ್ತಾರೆ. ಚಿತ್ರದ ಹೆಸರು, ಕಲಾವಿದರ ಹೆಸರು, ಮಾಧ್ಯಮ, ಅಳತೆ, ವರ್ಷ, ಇಷ್ಟು ಮೊದಲ ಸಾಲಿನಲ್ಲೇ ಬರಬೇಕು. ಫೀಡಿನಲ್ಲಿ ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ, ಉಳಿದದ್ದು ಮಡಿಸಿಟ್ಟಂತೆ ಒಳಗೆ ಹೋಗುತ್ತದೆ.

ಹುಡುಕಿ ಬಂದವರು ಎಲ್ಲಿಗೆ ಹೋದರು

ಹೇಗೋ ಹುಡುಕಿ ಪ್ರೊಫೈಲಿನವರೆಗೆ ಬಂದವರೂ ಇದ್ದರು. ಬಯೋದಲ್ಲಿದ್ದ ಕೊಂಡಿ ಒತ್ತಿದರೆ ಹದಿನಾಲ್ಕು ಗುಂಡಿಗಳ ಒಂದು ಪಟ್ಟಿ ತೆರೆಯುತ್ತಿತ್ತು: ಹಳೆಯ ಸಂದರ್ಶನ, ಮುಗಿದುಹೋದ ಕಾರ್ಯಾಗಾರ, ಎರಡು ವಿಡಿಯೊ ಚಾನೆಲ್. "ಅಂಗಡಿ" ಎಂಬ ಗುಂಡಿ ಒಂಬತ್ತನೆಯದು, ಒತ್ತಿದರೆ ಪುಟವೇ ಇಲ್ಲ. ಬೆಂಚಿನ ಚಿತ್ರ ಎಲ್ಲೂ ಇಲ್ಲ.

ಆ ಚಿತ್ರ ನೋಡಿ ಬಂದವರಿಗೆ ಬೇಕಾದದ್ದು ಆ ಚಿತ್ರ. ಕಲಾವಿದರ ಪೂರ್ಣ ಪರಿಚಯ ಆಮೇಲಿನ ಮಾತು. ಅದಕ್ಕೇ ನಮ್ಮ ಗಟ್ಟಿ ಸಲಹೆ: ಪ್ರತಿ ಕೃತಿಗೂ ಸ್ವಂತ ಡೊಮೇನ್‌ನಲ್ಲಿ ಅದರದೇ ಒಂದು ಪುಟ, ಚಿತ್ರ ಏರಿಸುವ ಮೊದಲೇ. ಅದರಲ್ಲಿ ಇರಬೇಕಾದದ್ದು ಹೆಚ್ಚಿಲ್ಲ. ಉದ್ದದ ಬದಿ ಸುಮಾರು 1600 ಪಿಕ್ಸೆಲ್ ಇರುವ ಚಿತ್ರ (ಅದಕ್ಕಿಂತ ದೊಡ್ಡದಾದರೆ ಕದ್ದು ಮುದ್ರಿಸುವವರಿಗೆ ಅನುಕೂಲ, ಚಿಕ್ಕದಾದರೆ ನೋಡುವವರಿಗೆ ಬೇಸರ), ಬೆಳಕು ಬಿದ್ದ ಮಳೆಗೆರೆಗಳ ಒಂದು ಹತ್ತಿರದ ಚಿತ್ರ, ಶೀರ್ಷಿಕೆ, ಮಾಧ್ಯಮ, ಅಳತೆ, "ಮೂಲಚಿತ್ರ ಮಾರಾಟವಾಗಿದೆ" ಎಂಬ ಸಾಲು, ಪ್ರಿಂಟ್ ಇದ್ದರೆ ಅದರ ಗುಂಡಿ, ಇಲ್ಲದಿದ್ದರೆ "ಪ್ರಿಂಟ್ ಬಂದಾಗ ತಿಳಿಸಿ" ಎಂಬ ಈಮೇಲ್ ಪೆಟ್ಟಿಗೆ. ಈ ಕೊನೆಯದೊಂದು ಇದ್ದಿದ್ದರೆ ಆರನೇ ದಿನದ ಗಡಿಬಿಡಿಯೇ ಇರುತ್ತಿರಲಿಲ್ಲ. ಆಸಕ್ತರ ವಿಳಾಸ ಕೈಯಲ್ಲಿರುತ್ತಿತ್ತು, ಪ್ರಿಂಟನ್ನು ಸಮಾಧಾನವಾಗಿ ತಿಂಗಳಾದ ಮೇಲೆ ತರಬಹುದಿತ್ತು.

ಪುಟ ಮಾಡುವಾಗ ಜನ ತಪ್ಪುವ ಕೆಲವು ಸಂಗತಿಗಳಿವೆ. ಪುಟದ ವಿಳಾಸ ಚಿತ್ರದ ಹೆಸರಿನಿಂದ ಇರಲಿ, ಅಂಗಡಿ ತಂತ್ರಾಂಶ ಕೊಡುವ ಅಂಕಿಯಿಂದಲ್ಲ. ಅಂಗಡಿ ಬದಲಾದರೂ ವಿಳಾಸ ಬದಲಾಗಬಾರದು. ಕೊಂಡಿಯನ್ನು ಯಾರಾದರೂ ಹಂಚಿದಾಗ ಕಾಣುವ ಚಿತ್ರ ಯಾವುದೆಂದು ಪುಟದ ಕೋಡಿನಲ್ಲಿರುವ ಓಪನ್ ಗ್ರಾಫ್ ಎಂಬ ಸಾಲಿನಲ್ಲಿ ನಾವೇ ಹೇಳಬೇಕು. ಅದರ ರೂಢಿಯ ಅಳತೆ 1200 × 630 ಪಿಕ್ಸೆಲ್, ಅಂದರೆ ಅಡ್ಡ ಚಿತ್ರ. ಹೇಳದಿದ್ದರೆ ಹಂಚಿದ ತಾಣ ತಾನೇ ಏನನ್ನೋ ಆರಿಸುತ್ತದೆ, ಉದ್ದ ಚಿತ್ರದ ನಡುಭಾಗವನ್ನು ಮಾತ್ರ ತೋರಿಸುತ್ತದೆ. ಬೆಂಚು ಹೋಗಿ ಬರೀ ಕತ್ತಲೆ ಕಾಣುತ್ತದೆ. ಆಲ್ಟ್ ಪಠ್ಯ ಬರೆಯಬೇಕು, "ಚಿತ್ರ 1" ಎಂದಲ್ಲ, ಕಾಣದವರಿಗೆ ಓದಿ ಹೇಳುವ ಹಾಗೆ: "ಮಳೆಯ ರಾತ್ರಿಯಲ್ಲಿ ದೀಪದ ಕೆಳಗೆ ಒಂದು ಖಾಲಿ ಬೆಂಚು, ಜಲವರ್ಣ". ಕೊನೆಗೆ ಆ ಪುಟವನ್ನು ಫೋನಿನಲ್ಲಿ, ಇನ್‌ಸ್ಟಾಗ್ರಾಂನ ಒಳಗಿನ ಬ್ರೌಸರ್‌ನಲ್ಲೇ ತೆರೆದು ಪಾವತಿಯವರೆಗೂ ಒಮ್ಮೆ ಹೋಗಿ ನೋಡಬೇಕು. ಹೊರಗಿನ ಬ್ರೌಸರ್‌ನಲ್ಲಿ ಸರಿಯಿದ್ದು ಒಳಗಿನದರಲ್ಲಿ ಪಾವತಿ ಕಿಟಕಿ ತೆರೆಯದಿರುವುದು ಉಂಟು, ಬರುವ ಬಹುಪಾಲು ಜನ ಆ ಒಳಬಾಗಿಲಿನಿಂದಲೇ ಬರುವವರು.

ಬಯೋದಲ್ಲಿ 2023ರಿಂದ ಐದು ಕೊಂಡಿ ಹಾಕಬಹುದು. ಐದೂ ತುಂಬಬೇಕೆಂದಿಲ್ಲ. ಈಗ ಓಡುತ್ತಿರುವ ಚಿತ್ರದ ಪುಟ ಮೊದಲು, ಎಲ್ಲ ಚಿತ್ರಗಳ ಪುಟ ಎರಡನೆಯದು, ಸಾಕು.

ಮೂಲ ಕಡತವೇ ಇರಲಿಲ್ಲ

ಫೋನಿನ ಚಿತ್ರ 12 ಮೆಗಾಪಿಕ್ಸೆಲ್, ಅಂದರೆ 4032 × 3024. ಅದನ್ನು ಜಾಗ ಉಳಿಸಲು ಅಳಿಸಿದ್ದರು. ಉಳಿದದ್ದು ಏರಿಸಿದ ಪ್ರತಿ, 1080 × 1350. ಅದನ್ನೇ ಎ4 ಪ್ರಿಂಟಿಗೆ ಕಳುಹಿಸಿದ್ದು. ಎ4 ಅಗಲ 210 ಮಿಲಿಮೀಟರ್, ಅಂದರೆ 8.27 ಇಂಚು. 1080ನ್ನು ಅದರಿಂದ ಭಾಗಿಸಿದರೆ ಇಂಚಿಗೆ ಸುಮಾರು 130 ಪಿಕ್ಸೆಲ್. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ರೂಢಿಯಲ್ಲಿ ಕೇಳುವುದು 300, ಎ4ಗೆ 2480 × 3508. ಮಳೆಗೆರೆ ಮಸುಕಾದದ್ದು ಇದರಿಂದ. ಮೇಲಿಂದ ಜೆಪೆಗ್ ಸಂಕೋಚನ ಗಾಢ ನೀಲಿಯಲ್ಲಿ ಚೌಕ ಚೌಕ ಕಲೆಗಳನ್ನು ಬಿಟ್ಟಿತ್ತು. ಪರದೆಯಲ್ಲಿ ಕಾಣದ್ದು ಕಾಗದದ ಮೇಲೆ ಎದ್ದು ಕಂಡಿತು.

ಮೂಲಚಿತ್ರ ಮಾರಿದ ಮೇಲೂ ಹಕ್ಕುಸ್ವಾಮ್ಯ, ಬರವಣಿಗೆಯಲ್ಲಿ ಬಿಟ್ಟುಕೊಡದಿದ್ದರೆ, ಸಾಮಾನ್ಯವಾಗಿ ಕಲಾವಿದರ ಬಳಿಯೇ ಇರುತ್ತದೆ. ಕೊಂಡವರದು ಆ ಕಾಗದ. ಅದರ ಪ್ರತಿ ಮಾಡುವ ಹಕ್ಕಲ್ಲ. ಆದರೆ ಸ್ಕ್ಯಾನ್ ಮಾಡಲು ಚಿತ್ರ ಕೊಡಲೇಬೇಕೆಂಬ ಕಟ್ಟುಪಾಡೂ ಅವರಿಗಿಲ್ಲ. ಇಲ್ಲಿ ಕೊಂಡವರು ಸಂತೋಷದಿಂದ ಒಪ್ಪಿದರು. ಸಾಗಣೆ ಖರ್ಚು ಕಲಾವಿದೆಯದು, ಜೊತೆಗೆ ಮೊದಲ ಪ್ರಿಂಟ್ ಉಡುಗೊರೆ. ಇನ್ನು ಮುಂದೆ ಮಾರಾಟದ ರಸೀದಿಯಲ್ಲೇ ಒಂದು ಸಾಲು ಇರಲಿ: "ಪುನರ್ಮುದ್ರಣದ ಹಕ್ಕು ಕಲಾವಿದರದು, ಅಗತ್ಯ ಬಿದ್ದಾಗ ಒಂದು ಬಾರಿ ಸ್ಕ್ಯಾನ್‌ಗೆ ಅವಕಾಶ."

ಎ4 ಸ್ಕ್ಯಾನರಿನ ಗಾಜು ಸುಮಾರು 21.6 × 29.7 ಸೆಂಟಿಮೀಟರ್. 30 × 40ರ ಚಿತ್ರವನ್ನು ಎರಡೇ ಬಾರಿಗೆ ಮುಗಿಸಬಹುದು ಎಂದು ಆಸೆಯಾಗುತ್ತದೆ, ಆದರೆ 29.7ಕ್ಕೂ 30ಕ್ಕೂ ನಡುವೆ ಮೂರು ಮಿಲಿಮೀಟರ್ ಉಳಿದುಬಿಡುತ್ತದೆ. ನಾಲ್ಕು ತುಂಡಾಗಿ ತೆಗೆಯುವುದೇ ಸರಿ. ಒಂದರ ಮೇಲೊಂದು ಧಾರಾಳ ಅತಿಕ್ರಮಿಸುವುದರಿಂದ ಜೋಡಣೆಗೂ ಅನುಕೂಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇದರಲ್ಲಿ. ಗಾಜಿನ ಮೇಲೆ ಇಡಲು ಸುಲಭವೆಂದು ಚಿತ್ರವನ್ನು ಅರ್ಧ ಸುತ್ತು ತಿರುಗಿಸಿ ಎರಡನೇ ಭಾಗ ತೆಗೆಯುತ್ತಾರೆ. ಸ್ಕ್ಯಾನರಿನ ಬೆಳಕು ಸಾಮಾನ್ಯವಾಗಿ ಒಂದೇ ಬದಿಯಿಂದ ಓರೆಯಾಗಿ ಬೀಳುತ್ತದೆ. ಜಲವರ್ಣದ ಕಾಗದ ತರಿತರಿ. ಪ್ರತಿ ಉಬ್ಬಿನ ಹಿಂದೆ ಕೂದಲೆಳೆಯಷ್ಟು ನೆರಳು ಬರುತ್ತದೆ. ತಿರುಗಿಸಿದರೆ ಆ ನೆರಳೂ ತಿರುಗುತ್ತದೆ. ಜೋಡಿಸಿದಾಗ ಬಣ್ಣ ಹೊಂದಿದರೂ ಒಂದು ಕಡೆ ಕಾಗದ ಉಬ್ಬಿದಂತೆ, ಇನ್ನೊಂದು ಕಡೆ ತಗ್ಗಿದಂತೆ ಕಾಣುತ್ತದೆ, ನಡುವೆ ಗೆರೆ ಎಳೆದ ಹಾಗೆ. ಆದ್ದರಿಂದ ಸ್ಕ್ಯಾನರಿನ ಮುಚ್ಚಳ ತೆಗೆದಿಟ್ಟು, ನಾಲ್ಕೂ ತುಂಡನ್ನು ಒಂದೇ ದಿಕ್ಕಿನಲ್ಲಿ ಸರಿಸಿ ತೆಗೆಯಬೇಕು. ತಾನೇ ಬೆಳಕು ಸರಿಪಡಿಸುವ, ಚೂಪುಗೊಳಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಬೇಕು. ಇಲ್ಲವಾದರೆ ದೀಪ ಇರುವ ತುಂಡಿಗೂ ಬರೀ ಕತ್ತಲೆ ಇರುವ ತುಂಡಿಗೂ ಯಂತ್ರ ಬೇರೆ ಬೇರೆ ಬೆಳಕು ಕೊಡುತ್ತದೆ. ಕಾಗದ ಅಲೆ ಅಲೆಯಾಗಿ ಏಳದಂತೆ ಮೇಲೆ ಸಮತಟ್ಟಾದ ತೂಕ ಇಡಬೇಕು. ಸಿಐಎಸ್ ಬಗೆಯ ತೆಳು ಸ್ಕ್ಯಾನರುಗಳಲ್ಲಿ ಗಾಜಿನಿಂದ ಸ್ವಲ್ಪ ಮೇಲೆದ್ದ ಭಾಗವೂ ಮಸುಕಾಗುತ್ತದೆ, ಸಿಸಿಡಿ ಬಗೆಯವು ಈ ವಿಷಯದಲ್ಲಿ ಮೇಲು.

ಇಂಚಿಗೆ 600ರಂತೆ ತೆಗೆದರೆ ಪೂರ್ಣ ಚಿತ್ರ ಸುಮಾರು 7087 × 9449 ಪಿಕ್ಸೆಲ್. 16 ಬಿಟ್ ಟಿಫ್ ಆಗಿ ಉಳಿಸಿದರೆ ಸುಮಾರು 400 ಎಂಬಿ. ಭಾರ ಎನಿಸಬಹುದು. ಆದರೆ ಇದೊಂದೇ ಕಡತದಿಂದ 300ರ ಗುಣಮಟ್ಟದಲ್ಲಿ 60 × 80 ಸೆಂಟಿಮೀಟರ್‌ವರೆಗೆ ಮುದ್ರಿಸಬಹುದು. ಇದರ ಮೂರು ಪ್ರತಿ ಇರಲಿ, ಒಂದು ಮನೆಯ ಹೊರಗೆ. ಸ್ಕ್ಯಾನರ್ ಇಲ್ಲದವರು ಕ್ಯಾಮೆರಾದಲ್ಲಿ ತೆಗೆಯಬಹುದು: ಚಿತ್ರ ಗೋಡೆಗೆ ಸಮ, ಲೆನ್ಸ್ ಅದರ ನಡುವಿಗೆ ನೇರ, ಎರಡು ಒಂದೇ ಬಗೆಯ ದೀಪ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ, ಐಎಸ್‌ಒ 100, ಎಫ್/8, ಸ್ಟ್ಯಾಂಡ್, ಮೊದಲ ಚಿತ್ರದಲ್ಲಿ ಬೂದು ಕಾರ್ಡ್. ಕೋಣೆಯ ಉಳಿದ ದೀಪ ಆರಿಸಿರಬೇಕು.

ಪ್ರಿಂಟ್ ಯಾಕೆ ಕಪ್ಪಾಯಿತು

ಮಸುಕಿಗೆ ಕಾರಣ ಪಿಕ್ಸೆಲ್, ಕಪ್ಪಿಗೆ ಕಾರಣ ಪರದೆ. ಫೋನಿನ ಪರದೆ ಪೂರ್ಣ ಬೆಳಕಿನಲ್ಲಿತ್ತು, ಅದರಲ್ಲಿ ನೋಡಿಯೇ ನೀಲಿಯನ್ನು ಇನ್ನಷ್ಟು ಗಾಢ ಮಾಡಿದ್ದರು. ಪರದೆ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಮುದ್ರಣಕ್ಕೆ ಬಣ್ಣ ತಿದ್ದುವ ಪರದೆಯ ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ನಡುವೆ ಇರಬೇಕೆನ್ನುವುದು ರೂಢಿ. ಮನೆಯ ಪರದೆಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚಿನಲ್ಲಿರುತ್ತವೆ. ಜೊತೆಗೆ ಮ್ಯಾಟ್ ಕಾಗದದ ಕಪ್ಪು ಹೊಳಪು ಕಾಗದದ ಕಪ್ಪಿನಷ್ಟು ಆಳವಲ್ಲ, ಹಾಗಾಗಿ ಕತ್ತಲಿನೊಳಗಿನ ಛಾಯೆಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಬೆಂಚು ಮುಳುಗಿದ್ದು ಹೀಗೆ.

ಸರಿಪಡಿಸಿದ ದಾರಿ: ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ಹೇಳುವ ಐಸಿಸಿ ಪ್ರೊಫೈಲ್ ಎಂಬ ಕಡತವನ್ನು ಮುದ್ರಣಾಲಯದಿಂದ ಪಡೆದು ತಂತ್ರಾಂಶದಲ್ಲಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಕಾಣಬಹುದೆಂಬ ಅಂದಾಜನ್ನು ಪರದೆಯಲ್ಲೇ ನೋಡಿದರು. ಆಮೇಲೆ ಪೂರ್ಣ ಪ್ರಿಂಟ್ ತೆಗೆಸದೆ, ಬೆಂಚು ಮತ್ತು ದೀಪ ಎರಡೂ ಬರುವಂಥ 10 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮೂರು ಬಗೆಯಲ್ಲಿ ಅದೇ ಕಾಗದದ ಮೇಲೆ ತೆಗೆಸಿದರು: ಇದ್ದಂತೆ ಒಂದು, ನೆರಳಿನ ಭಾಗವನ್ನು ಮಾತ್ರ ಸ್ವಲ್ಪ ಎತ್ತಿದ್ದು ಒಂದು, ಇನ್ನೂ ಎತ್ತಿದ್ದು ಒಂದು. ಮೂರನ್ನೂ ಕಿಟಕಿಯ ಹಗಲು ಬೆಳಕಿನಲ್ಲೂ ರಾತ್ರಿ ಮನೆಯ ದೀಪದಲ್ಲೂ ಇಟ್ಟು ನೋಡಿದಾಗ ಎರಡನೆಯದು ಮೂಲಕ್ಕೆ ಹತ್ತಿರವಾಗಿತ್ತು. ಒಟ್ಟು ಚಿತ್ರವನ್ನೇ ತಿಳಿಮಾಡಿದ್ದರೆ ದೀಪ ಬಿಳಚಿಕೊಳ್ಳುತ್ತಿತ್ತು. ನೆರಳನ್ನು ಮಾತ್ರ ಎತ್ತಬೇಕು.

ಕಡತ ಕಳುಹಿಸುವಾಗ ಅದರ ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಪ್ರೊಫೈಲನ್ನು ಸೇರಿಸಿಯೇ ಕಳುಹಿಸಬೇಕು. ಹೆಚ್ಚು ಬಣ್ಣಗಳನ್ನು ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ಮಾಡಿದ ಕಡತ ಪ್ರೊಫೈಲ್ ಇಲ್ಲದೆ ಹೋದರೆ ಅಲ್ಲಿನ ಯಂತ್ರ ಅದನ್ನು ಸಾಮಾನ್ಯ ಪರದೆಗಳ ಎಸ್‌ಆರ್‌ಜಿಬಿ ಎಂದುಕೊಂಡು ಬಣ್ಣವನ್ನು ಸಪ್ಪೆ ಮಾಡುತ್ತದೆ. ಜಾಲದಲ್ಲಿ ಹಾಕುವ ಪ್ರತಿಗೆ ಎಸ್‌ಆರ್‌ಜಿಬಿ ಸಾಕು.

ಬೆಲೆ ಕಟ್ಟುವ ವಿಷಯದಲ್ಲಿ ಒಂದೇ ಮಾತು: ಪ್ರಿಂಟನ್ನು ಬೋರ್ಡ್ ಸಮೇತ ಪ್ಯಾಕ್ ಮಾಡಿ ತೂಗಿ ನೋಡಿದ ಮೇಲೆ ಬೆಲೆ ಹೇಳಬೇಕು, ಮೊದಲಲ್ಲ. ಮುದ್ರಣ, ಕವರು, ಸಾಗಣೆ, ಪಾವತಿ ಶುಲ್ಕ, ದಾರಿಯಲ್ಲಿ ಮುದುಡಿದ ಪ್ರತಿಗೆ ಬದಲಿ, ಇವೆಲ್ಲ ಕಳೆದು ಉಳಿಯುವುದೇ ಕಲಾವಿದರ ಸಂಪಾದನೆ. ಸೀಮಿತ ಪ್ರತಿ ಎಂದು ಸಂಖ್ಯೆ ಹೇಳಿದರೆ ಆ ಸಂಖ್ಯೆ ಆಣೆಯಿದ್ದಂತೆ.

ಹೆಸರನ್ನು ವಾಪಸ್ ತರುವುದು

ಐದನೇ ದಿನದ ಸಿಟ್ಟಿನ ಪೋಸ್ಟ್ ಅರ್ಥವಾಗುವಂಥದು. ಅದರ ಫಲ ಮಾತ್ರ ಬೇರೆಯಾಯಿತು. ಅಭಿಮಾನಿಗಳು ಹೋಗಿ ಬೈದದ್ದು ದೊಡ್ಡ ಪುಟವನ್ನಲ್ಲ, ಪ್ರೀತಿಯಿಂದ ಸ್ಟೇಟಸ್ ಹಾಕಿಕೊಂಡಿದ್ದ ಸಣ್ಣ ಖಾತೆಗಳನ್ನು. ಅವರು ಹೆದರಿ ಪೋಸ್ಟ್ ಅಳಿಸಿದರು. ಅಳಿಸಿದ ಪೋಸ್ಟಿಗೆ ಹೆಸರು ಸೇರಿಸಲಾಗುವುದಿಲ್ಲ. ಅಲ್ಲಿ ಚಿತ್ರ ಮೆಚ್ಚಿದವರು ಕಲಾವಿದೆಯನ್ನು ತಲುಪುವ ದಾರಿ ಅಲ್ಲಿಗೆ ಮುಚ್ಚಿತು.

ಎರಡನೇ ಸುತ್ತಿನಲ್ಲಿ ಕೆಲಸ ಲೆಕ್ಕದ ಪುಸ್ತಕದ ಹಾಗೆ ನಡೆಯಿತು. ಗೂಗಲ್ ಲೆನ್ಸ್ ಮತ್ತು ಟಿನ್‌ಐ, ಎರಡರಲ್ಲೂ ಚಿತ್ರ ಹಾಕಿ ಹುಡುಕಿದರು. ಟಿನ್‌ಐ ಅದೇ ಚಿತ್ರದ ಕತ್ತರಿಸಿದ, ಕುಗ್ಗಿಸಿದ ಪ್ರತಿಗಳನ್ನು ಹಿಡಿಯುತ್ತದೆ, ಹಳೆಯದು ಮೊದಲು ಎಂದು ಜೋಡಿಸಿಯೂ ತೋರಿಸುತ್ತದೆ. ಲೆನ್ಸ್ ಹೋಲುವ ಚಿತ್ರಗಳನ್ನೂ ತರುವುದರಿಂದ ಜರಡಿ ಹಿಡಿಯಬೇಕು. ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದರು: ವಿಳಾಸ, ಕಂಡ ದಿನಾಂಕ, ಸ್ಕ್ರೀನ್‌ಶಾಟ್, ಯಾವ ಬಗೆ, ಏನು ಕೇಳಿದ್ದು, ಏನಾಯಿತು. ಸ್ಕ್ರೀನ್‌ಶಾಟನ್ನು ಮಾತಾಡಿಸುವ ಮೊದಲೇ ತೆಗೆಯಬೇಕು.

ಮೆಚ್ಚಿ ಹಂಚಿದವರಿಗೂ ಒಟ್ಟುಮಾಡಿ ಹಾಕುವ ಪುಟಗಳಿಗೂ ಹೋದದ್ದು ಒಂದೇ ಸಣ್ಣ ಸಂದೇಶ:

"ನಮಸ್ಕಾರ. ನೀವು ಹಂಚಿಕೊಂಡಿರುವ ಮಳೆ ಮತ್ತು ಬೆಂಚಿನ ಚಿತ್ರ ನಾನು ಬರೆದದ್ದು. ನಿಮಗೆ ಇಷ್ಟವಾದದ್ದು ಖುಷಿ. ದಯವಿಟ್ಟು ಒಕ್ಕಣೆಯ ಮೊದಲ ಸಾಲಿನಲ್ಲಿ ಇದನ್ನು ಸೇರಿಸಿ. ಚಿತ್ರದ ಪುಟದ ಕೊಂಡಿಯೂ ಇಲ್ಲಿದೆ. ವಂದನೆಗಳು."

ಕೆಳಗೆ ಅಂಟಿಸಲು ಸಿದ್ಧವಾದ ಸಾಲು. ಅಳಿಸಿ ಎನ್ನಲಿಲ್ಲ, ಬೆದರಿಸಲಿಲ್ಲ. "ಹೆಸರು ಹಾಕಿ" ಎಂದಷ್ಟೇ ಹೇಳಿದರೆ ಹತ್ತನೇ ಸಾಲಿನಲ್ಲಿ, ಹ್ಯಾಶ್‌ಟ್ಯಾಗುಗಳ ಕೆಳಗೆ ಹಾಕುತ್ತಾರೆ. ಅದಕ್ಕೇ ಮೊದಲ ಸಾಲು ಎಂದು ಸ್ಪಷ್ಟವಾಗಿ ಕೇಳಬೇಕು. ಉತ್ತರ ಬಾರದಿದ್ದರೆ ಐದು ದಿನ ಬಿಟ್ಟು ಇನ್ನೊಮ್ಮೆ. ಆಮೇಲೂ ಸುಮ್ಮನಿದ್ದ ದೊಡ್ಡ ಪುಟಗಳು, ಮತ್ತು ಚಿತ್ರವನ್ನು ಫೋನ್ ಕವರಿಗೂ ಟೀಶರ್ಟಿಗೂ ಹಾಕಿ ಮಾರುತ್ತಿದ್ದ ಅಂಗಡಿಗಳು ಮೂರನೇ ಬಗೆ. ಮಾರುವವರಿಗೆ ಸಂದೇಶ ಬರೆದು ಕಾಯುವುದರಲ್ಲಿ ಅರ್ಥವಿಲ್ಲ, ನೇರವಾಗಿ ತೆಗೆದುಹಾಕುವ ನೋಟಿಸು.

ಇದಕ್ಕೆ ನೋಂದಣಿ ಬೇಕೇ ಎಂದು ಬಹಳ ಜನ ಕೇಳುತ್ತಾರೆ. 1886ರ ಬರ್ನ್ ಒಪ್ಪಂದದ ಪ್ರಕಾರ ಕೃತಿ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ. ನೋಂದಣಿ, ಮುದ್ರೆ ಷರತ್ತಲ್ಲ. 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಕೃತಿಯ ಜೊತೆ ತನ್ನ ಹೆಸರು ಇರಬೇಕೆನ್ನುವ ನೈತಿಕ ಹಕ್ಕನ್ನೂ ಆ ಒಪ್ಪಂದ ಗುರುತಿಸುತ್ತದೆ. ದೊಡ್ಡ ತಾಣಗಳು ಬಹುಪಾಲು ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯ ಕ್ರಮದಂತೆ ದೂರು ಪಡೆಯುತ್ತವೆ, ಎಲ್ಲಿಂದ ಬೇಕಾದರೂ ಸಲ್ಲಿಸಬಹುದು. ನೋಟಿಸಿನಲ್ಲಿ ಬೇಕಾದದ್ದು: ಮೂಲ ಕೃತಿ ಯಾವುದು (ಸ್ವಂತ ತಾಣದ ಪುಟ ಇಲ್ಲಿ ನೆರವಿಗೆ ಬರುತ್ತದೆ), ನಕಲು ಇರುವ ನಿಖರ ವಿಳಾಸ (ಖಾತೆಯದಲ್ಲ, ಆ ಪೋಸ್ಟಿನದೇ), ಸಂಪರ್ಕ ವಿವರ, ಈ ಬಳಕೆಗೆ ಅನುಮತಿಯಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಮಾತು, ಕೊಟ್ಟ ಮಾಹಿತಿ ಸರಿಯಿದೆ ಮತ್ತು ಹಕ್ಕುದಾರರು ನಾನೇ ಎಂಬ ಪ್ರಮಾಣ, ಸಹಿ. ಸುಳ್ಳು ದೂರಿಗೆ ಕಾನೂನಿನ ಹೊಣೆಯಿದೆ, ಆದ್ದರಿಂದ "ಹೋಲುವ" ಚಿತ್ರಗಳ ಮೇಲೆ ಕೊಡಬಾರದು. ಎದುರಿನವರು ಇದಕ್ಕೆ ಆಕ್ಷೇಪಿಸಿ ಪ್ರತಿನೋಟಿಸು ಕೊಟ್ಟರೆ, ಕಲಾವಿದರು ನ್ಯಾಯಾಲಯಕ್ಕೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಪೋಸ್ಟ್ ಮರಳಬಹುದು. ಇನ್ನೊಂದು ಎಚ್ಚರ: ನೋಟಿಸಿನ ಹೆಸರು, ಸಂಪರ್ಕ ವಿವರ ಎದುರಿನವರ ಕೈಗೂ ಸೇರಬಹುದು. ಮನೆಯ ಫೋನ್ ಸಂಖ್ಯೆ ಬೇಡ, ಕೆಲಸಕ್ಕೆಂದೇ ಇಟ್ಟ ಈಮೇಲ್ ಇರಲಿ.

ಎಐ ತರಬೇತಿಯ ವಿರುದ್ಧ ಚಿಕಾಗೊ ವಿಶ್ವವಿದ್ಯಾಲಯದ ತಂಡ 2023ರಲ್ಲಿ ತಂದ ಗ್ಲೇಝ್ ಬಗ್ಗೆ ಈ ಸಂದರ್ಭದಲ್ಲಿ ಹಲವರು ಸಲಹೆ ಕೊಡುತ್ತಾರೆ. ಅದು ಕಲಾವಿದರ ಶೈಲಿಯ ಅನುಕರಣೆಯನ್ನು ತಡೆಯಲು ಮಾಡಿದ ಸಾಧನ. ಹೆಸರಿಲ್ಲದೆ ಹಂಚುವುದನ್ನು ಅದು ತಡೆಯುವುದಿಲ್ಲ.

ಈಮೇಲ್ ಪಟ್ಟಿ

"ಪ್ರಿಂಟ್ ಬಂದಾಗ ತಿಳಿಸಿ" ಪೆಟ್ಟಿಗೆ ತಡವಾಗಿಯಾದರೂ ಬಂತು. ಕೇಳಿದ್ದು ಈಮೇಲ್ ಒಂದೇ. ಹೆಸರು, ಊರು, ಫೋನ್ ಕೇಳಿದಷ್ಟೂ ಜನ ಹಿಂದೆ ಸರಿಯುತ್ತಾರೆ. ವಿಳಾಸ ಕೊಟ್ಟವರಿಗೆ ದೃಢೀಕರಣ ಕೊಂಡಿ ಹೋಗಿ, ಒತ್ತಿದವರು ಮಾತ್ರ ಪಟ್ಟಿಗೆ ಸೇರುವಂತೆ ಮಾಡಲಾಯಿತು. ಹಣ ವಾಪಸ್ ಪಡೆದವರ ವಿಳಾಸಗಳನ್ನು ಕೇಳದೆ ಸೇರಿಸಲಿಲ್ಲ. ಅವರಿಗೆ ಒಬ್ಬೊಬ್ಬರಿಗೂ ಬೇರೆಯಾಗಿ ಕ್ಷಮೆ ಕೇಳಿ ಬರೆದರು, ಬೇಕಿದ್ದರೆ ಸೇರಿ ಎಂದು ಕೊಂಡಿ ಕೊಟ್ಟರು.

ಮೊದಲ ಪತ್ರ ಬಹುತೇಕ ಸ್ಪ್ಯಾಮ್‌ಗೆ ಬಿತ್ತು. ಕಾರಣ, ಸುದ್ದಿಪತ್ರ ಸೇವೆಯಿಂದ ಕಳುಹಿಸಿದರೂ ಕಳುಹಿಸಿದವರ ಜಾಗದಲ್ಲಿ ಉಚಿತ ಈಮೇಲ್ ವಿಳಾಸ ಇತ್ತು. ಆ ವಿಳಾಸದ ಪರವಾಗಿ ಪತ್ರ ಕಳುಹಿಸುವ ಅಧಿಕಾರ ಈ ಸೇವೆಗಿಲ್ಲವೆಂದು ಪಡೆಯುವ ಸರ್ವರ್ ತಿಳಿಯುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಇದರಲ್ಲಿ ಬಿಗಿಯಾಗಿವೆ. ಸ್ವಂತ ಡೊಮೇನಿನ ವಿಳಾಸ ಇಟ್ಟು, ಡೊಮೇನಿನ ಡಿಎನ್ಎಸ್ ಪುಟದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ಕಳುಹಿಸುವ ಅಧಿಕಾರವನ್ನು ಸಾಬೀತುಪಡಿಸುವ ಮೂರು ಸಾಲು ಸೇರಿಸಿದರೆ ಸರಿಹೋಗುತ್ತದೆ. ಏನು ಬರೆಯಬೇಕೆಂದು ಸುದ್ದಿಪತ್ರ ಸೇವೆಯೇ ತೋರಿಸುತ್ತದೆ. ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಬೇಡಿ. 2021ರಿಂದ ಆ್ಯಪಲ್ ಮೇಲ್ ಓದುಗರ ಗೌಪ್ಯತೆಗಾಗಿ ಪತ್ರದ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ, ಓದದ ಪತ್ರವೂ ಓದಿದಂತೆ ಲೆಕ್ಕಕ್ಕೆ ಬರುತ್ತದೆ. ಎಷ್ಟು ಜನ ಕೊಂಡಿ ಒತ್ತಿದರು, ಎಷ್ಟು ಜನ ಮರುಪತ್ರ ಬರೆದರು, ಅದನ್ನು ನೋಡಿ.

ಮುಂದಿನ ಚಿತ್ರ

ಮುಂದಿನ ಚಿತ್ರದಲ್ಲಿ ಕೆಲಸದ ಕ್ರಮ ತಲೆಕೆಳಗಾಯಿತು. ಸ್ಕ್ಯಾನ್ ಮೊದಲು, ಆಮೇಲೆ ಪುಟ, ಆಮೇಲೆ ಪರೀಕ್ಷಾ ಪಟ್ಟಿ, ಪೋಸ್ಟ್ ಕೊನೆಗೆ, ಮೂಲಚಿತ್ರ ಮಾರುವುದು ಅದಕ್ಕೂ ನಂತರ. ಒಂದೇ ದಿನ ಒಂದೇ ಪೋಸ್ಟಿನಲ್ಲಿ ಎಲ್ಲವನ್ನೂ ಸುರಿಯುವ ಬದಲು ಎರಡು ವಾರಕ್ಕೆ ಹಂಚಿಕೊಂಡರು: ಪೆನ್ಸಿಲ್ ಗೆರೆ, ಮೊದಲ ನೀಲಿ ಒದ್ದೆಯಾಗಿ ಹರಡುವ ತುಣುಕು, ಒಂದು ಹತ್ತಿರದ ಚಿತ್ರ, ಪೂರ್ಣ ಚಿತ್ರ, ಪ್ರಿಂಟ್ ಮತ್ತು ಮೂಲ ಅಕ್ಕಪಕ್ಕ. ಎರಡು ಗಂಟೆಯ ಕೆಲಸವನ್ನು ಐದು ಸೆಕೆಂಡಿಗೊಂದು ಚಿತ್ರದಂತೆ ತೆಗೆದರೆ 1440 ಚಿತ್ರ. ಸೆಕೆಂಡಿಗೆ 30ರಂತೆ ಓಡಿಸಿದರೆ 48 ಸೆಕೆಂಡಿನ ವಿಡಿಯೊ. ಸಹಿ ಹಾಕುವ ಕ್ಷಣ ಆ ವಿಡಿಯೊದಲ್ಲಿ ಇರುವಂತೆ ನೋಡಿಕೊಂಡರು, ಬರೆದವರು ಯಾರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಹಳೆಯ ಬೆಂಚಿನ ಚಿತ್ರದ ಹೆಸರಿಲ್ಲದ ಪ್ರತಿಗಳು ಇನ್ನೂ ಓಡಾಡುತ್ತಿವೆ. ವಾಟ್ಸ್‌ಆ್ಯಪ್ ಒಳಗೆ ಹೋದದ್ದನ್ನು ಯಾವ ನೋಟಿಸೂ ಮುಟ್ಟುವುದಿಲ್ಲ.

ಕಲಾವಿದೆಯ ಮೇಜಿನ ಮೇಲೆ ಈಗ ರಟ್ಟಿನಲ್ಲಿ ಕತ್ತರಿಸಿದ ಎರಡು ಚೌಕಟ್ಟುಗಳಿವೆ, ಒಂದರ ಒಳಗಂಡಿ 30 × 37.5, ಇನ್ನೊಂದರದು 30 × 30. ಚಿತ್ರ ಒಣಗಿದ ಮೇಲೆ ಎರಡನ್ನೂ ಒಂದಾದ ಮೇಲೊಂದು ಅದರ ಮೇಲಿಟ್ಟು ನೋಡುತ್ತಾರೆ. ಸಣ್ಣ ಗಂಡಿಯೊಳಗೆ ಎಲ್ಲಿ ಜಾಗ ಕಾಣುತ್ತದೋ ಅಲ್ಲಿ, ಪೂರ್ತಿ ಹೆಸರು, ತೆಳು ಕುಂಚದಲ್ಲಿ, ಚಿತ್ರದಲ್ಲಿ ಬಳಸಿದ ಬಣ್ಣದಲ್ಲೇ.